ಕಡಲಿನ ಕಾವನ್ನು ಅಳೆದ ಬಗೆ

ನವಲಗುಂದ-ಅಣ್ಣಿಗೇರಿಗಳ ಎರೆಭೂಮಿಯಲ್ಲಿ ನಿಂತವನಿಗೆ ಅರಬೀ ಸಮುದ್ರವು ಕಾಣುವಂಥದಲ್ಲ. ನಡುವೆ ಸಹ್ಯಾದ್ರಿಯು ಅಡ್ಡಗಟ್ಟಿದೆ. ಕಲಘಟಗಿಯ ಭತ್ತದ ಗದ್ದೆಗಳಿಗೆ ಉದಾರವಾಗಿ ಸುರಿದ ಮುಗಿಲು ಕುಂದಗೋಳವನ್ನು ದಾಟಿ ಮೂಡಲಿಗೆ ಸರಿಯುವಷ್ಟರಲ್ಲಿ ಬಹುಮಟ್ಟಿಗೆ ಬರಿದಾಗಿರುತ್ತದೆ. ಆದರೂ ಇಲ್ಲಿಯ ಹೆಸರು, ಹತ್ತಿ, ಉಳ್ಳಾಗಡ್ಡಿಗಳ ಹಣೆಬರಹವನ್ನು ಬರೆಯುವದು ಆ ಕಾಣದ ಕಡಲೇ. ಕಡಲಿನ ಮೇಲ್ಮೈ ಎಲ್ಲಿ ಎಷ್ಟು ಕಾದಿದೆಯೆಂಬದಕ್ಕೂ ನಮ್ಮ ಮುಂಗಾರಿಗೂ ನಿಕಟ ಸಂಬಂಧವುಂಟೆಂದು ಇಂದು ಶಾಸ್ತ್ರಜ್ಞರು ಹೇಳುತ್ತಾರೆ. ಆ ಕಾವನ್ನು ಮನುಷ್ಯನು ಅಳೆಯಲು ಕಲಿತ ಇತಿಹಾಸವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಮಳೆಯನ್ನು ಅಳೆಯುವದು ನಮ್ಮವರಿಗೆ ಹೊಸತಲ್ಲ. ಕೌಟಿಲ್ಯನು ಉಗ್ರಾಣದಲ್ಲಿ ಮಳೆಯ ಅಳತೆಯ ಪಾತ್ರೆಯನ್ನಿಡಬೇಕೆಂದು ವಿಧಿಸಿ, ಬೇರೆ ಬೇರೆ ಪ್ರದೇಶಗಳ ಮಳೆಯನ್ನು ದ್ರೋಣಗಳ ಲೆಕ್ಕದಲ್ಲಿ ಕೊಟ್ಟಿದ್ದಾನೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಮೇಘವು ಗರ್ಭ ಧರಿಸಿದ 195 ದಿನಗಳ ಮೇಲೆ ಮಳೆಯನ್ನು ಹೆರುವದೆಂದು ಹೇಳುತ್ತಾನೆ. ಮಳೆಯ ಕಾರಣವು ಮಳೆಗಾಲಕ್ಕಿಂತ ಬಹಳ ಮುಂಚೆಯೇ ಸಿದ್ಧವಾಗಿರುವದೆಂಬ ಆ ಊಹೆಯು ಹಗುರಾದದ್ದಲ್ಲ. ಆದರೆ ಆತನು ಲಕ್ಷಣಗಳನ್ನು ಹುಡುಕಿದ್ದು ಆಕಾಶದಲ್ಲಿ, ಕಡಲಿನ ಉಷ್ಣಮಾನದಲ್ಲಲ್ಲ. ಹಳೆಯ ಗ್ರಂಥಗಳಲ್ಲಿ ಇಂದಿನ ಯಂತ್ರಗಳನ್ನು ಹುಡುಕಿ ತೆಗೆಯುವ ಚಪಲವು ನನಗಿಲ್ಲ.

ಕಡಲಿನ ಅಳತೆಯು ಬಕೆಟ್ಟಿನಿಂದ ಮೊದಲಾಯಿತೆನ್ನಬಹುದು. ಬೆಂಜಮಿನ್ ಫ್ರಾಂಕ್ಲಿನ್ನನು 1775ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವಾಗ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ಬೆಚ್ಚನೆಯ ಪ್ರವಾಹವೊಂದರ ಅಂಚನ್ನು ಗುರುತಿಸಿದನು. 1853ರಲ್ಲಿ ಬ್ರಸೆಲ್ಸಿನಲ್ಲಿ ಕೂಡಿದ ಸಮುದ್ರಯಾನದ ಪರಿಷತ್ತು, ಹಡಗುಗಳು ಗಾಳಿ-ಒತ್ತಡಗಳೊಡನೆ ನೀರಿನ ಉಷ್ಣಮಾನವನ್ನೂ ಒಂದೇ ಪದ್ಧತಿಯಿಂದ ಬರೆದಿಡುವಂತೆ ಗೊತ್ತುಮಾಡಿತು. ಹಗ್ಗ ಕಟ್ಟಿದ ಬಕೆಟ್ಟನ್ನು ಇಳಿಬಿಟ್ಟು, ನೀರನ್ನೆತ್ತಿ, ಅದರಲ್ಲಿ ಉಷ್ಣಮಾಪಕವನ್ನು ಅದ್ದುವದು; ಇಷ್ಟೇ ಆ ಪದ್ಧತಿ. ಇದರಲ್ಲಿ ಮೋಸವೆಲ್ಲಿಂದ ಬರಬೇಕೆಂದು ತೋರಬಹುದು. ಆದರೆ ಬೇಸಿಗೆಯಲ್ಲಿ ನಮ್ಮ ಮನೆಯ ಹರವಿಯ ನೀರು ಏಕೆ ತಣ್ಣಗಿರುವದು? ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಕಾವನ್ನು ಒಯ್ಯುವದರಿಂದಲ್ಲವೆ? ಕ್ಯಾನ್ವಾಸ್ ಬಟ್ಟೆಯ ಬಕೆಟ್ಟಿನ ಗತಿಯೂ ಇದೇ. ಅದು ಅಟ್ಟಕ್ಕೆ ಬರುವಷ್ಟರಲ್ಲಿ ನೀರು ಕಡಲಿಗಿಂತ ಸ್ವಲ್ಪ ತಣ್ಣಗಾಗುತ್ತಿತ್ತು. ಮುಂದೆ ಎಂಜಿನ್ನನ್ನು ತಂಪಾಗಿಸಲು ಒಳಗೆ ಸೆಳೆದ ನೀರನ್ನು ಅಳೆಯತೊಡಗಿದರು. ಅಲ್ಲಿ ಅಂಕಿಯು ತುಸು ಹೆಚ್ಚು ಬರುತ್ತಿತ್ತು. ಎರಡನೆಯ ಮಹಾಯುದ್ಧವು ಮುಗಿದ 1945ರಲ್ಲಿ ಜಗತ್ತಿನ ಕಡಲೆಲ್ಲ ಒಮ್ಮೆಲೇ ತಣ್ಣಗಾದಂತೆ ದಾಖಲೆಗಳಲ್ಲಿ ಕಾಣುವದು. ಎಂಜಿನ್ನಿನ ನೀರನ್ನು ಅಳೆಯುತ್ತಿದ್ದ ಅಮೇರಿಕೆಯ ಹಡಗುಗಳ ವರದಿಗಳು ಕಡಿಮೆಯಾಗಿ, ಬಕೆಟ್ಟನ್ನು ನೆಚ್ಚಿದ್ದ ಬ್ರಿಟಿಷ್ ಹಡಗುಗಳ ವರದಿಗಳು ಹೆಚ್ಚಿದ್ದೇ ಅದಕ್ಕೆ ಮುಖ್ಯ ಕಾರಣವೆಂದು 2008ರಲ್ಲಿ ತೋರಿಸಲಾಯಿತು. ಬದಲಾದದ್ದು ಕಡಲಲ್ಲ, ಅಳೆಯುವ ಕೈ.

ಇತ್ತ ನಮ್ಮ ದೇಶದಲ್ಲಿ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಧಾತು ಸಂವತ್ಸರದ ಘೋರ ಬರವು ಧಾರವಾಡ ಜಿಲ್ಲೆಯನ್ನೂ ಸುಟ್ಟಿತು. ಮಳೆಯನ್ನು ಮುಂದಾಗಿ ತಿಳಿಯುವ ತವಕವು ಆಗ ಬಲಿಯಿತು. ಬ್ಲಾನ್‌ಫರ್ಡನು ಹಿಮಾಲಯದ ಹಿಮವನ್ನು ನೋಡಿದನು. ಗಿಲ್ಬರ್ಟ್ ವಾಕರನು ದೂರದೂರದ ವಾಯುಭಾರಗಳನ್ನು ಹೋಲಿಸಿದನು. ಆ ವಾಯುಭಾರದ ತೂಗಾಟಕ್ಕೂ ಪ್ರಶಾಂತಸಾಗರದ ಕಾವಿಗೂ ಇರುವ ನಂಟನ್ನು 1969ರಲ್ಲಿ ಬ್ಯರ್ಕ್ನೆಸ್ ಎಂಬ ಶಾಸ್ತ್ರಜ್ಞನು ಬಿಡಿಸಿ ತೋರಿಸಿದ ಮೇಲೆ ಕಡಲಿನ ಉಷ್ಣಮಾನಕ್ಕೆ ನಿಜವಾದ ಬೆಲೆ ಬಂದಿತು. ಹಡಗು ಹೋದಲ್ಲಿ ಮಾತ್ರ ಅಳತೆ. ಉಳಿದ ಸಾಗರವೆಲ್ಲ ಬರಿಯ ಹಾಳೆ. ಆ ಕೊರತೆಯನ್ನು ನೀಗಿಸಲು ಕೃತಕ ಉಪಗ್ರಹಗಳು ಬಂದವು.

ಉಪಗ್ರಹವು ಕಡಲನ್ನು ಮುಟ್ಟುವದಿಲ್ಲ. ಕಾದ ವಸ್ತುವು ಹೊರಸೂಸುವ ಅದೃಶ್ಯ ಕಿರಣಗಳನ್ನು ನೂರಾರು ಮೈಲು ಎತ್ತರದಲ್ಲಿ ಹಿಡಿದು, ಅದರಿಂದ ಕಾವನ್ನು ಲೆಕ್ಕಹಾಕುವದು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವದಾದರೆ ಬಕೆಟ್ಟಿನದು ಪ್ರತ್ಯಕ್ಷ, ಉಪಗ್ರಹದ್ದು ಅನುಮಾನ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವದು ಪಾಠಶಾಲೆಯ ಮೊದಲ ಪಾಠಗಳಲ್ಲೊಂದು. ಮಂಜನ್ನೇ ಹೊಗೆಯೆಂದು ಬಗೆದರೆ ಗತಿಯೇನೆಂಬದು ಅದರ ಬೆನ್ನಿಗಿರುವ ಪಾಠ.

ಆ ಎರಡನೆಯ ಪಾಠವನ್ನು 1982ನೆಯ ಇಸವಿಯು ಕಲಿಸಿತು. ಮಾರ್ಚ್-ಏಪ್ರಿಲ್‌ಗಳಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿಯು ಸಿಡಿದು ಅದರ ಸೂಕ್ಷ್ಮಕಣಗಳು ಮೇಲಿನ ವಾಯುಮಂಡಲವನ್ನು ಮುಸುಕಿದವು. ಆ ಮುಸುಕಿನ ಮೂಲಕ ನೋಡಿದ ಉಪಗ್ರಹಕ್ಕೆ ಪ್ರಶಾಂತಸಾಗರವು ಇದ್ದುದಕ್ಕಿಂತ ತಣ್ಣಗೆ ಕಂಡಿತು. ಹಡಗುಗಳು ಕಳುಹಿಸಿದ ಹೆಚ್ಚಿನ ಅಂಕಿಗಳನ್ನು ಅಸಂಭಾವ್ಯವೆಂದು ಗಣಕಯಂತ್ರಗಳು ತಳ್ಳಿಹಾಕಿದವು. ಶತಮಾನದ ಅತಿ ಪ್ರಬಲವಾದ ಎಲ್ ನಿನೋಗಳಲ್ಲೊಂದು ಹೀಗೆ ಶಾಸ್ತ್ರಜ್ಞರ ಕಣ್ಣೆದುರಿಗೇ ಬೆಳೆದರೂ ಬಹುಕಾಲ ಗುರುತು ಸಿಗಲಿಲ್ಲ. ಆ ವರ್ಷ ಭಾರತದ ಮುಂಗಾರೂ ಕೈಕೊಟ್ಟಿತು. ಅನಂತರವೇ ಪ್ರಶಾಂತಸಾಗರದ ನಡುವಿನಲ್ಲಿ ಸುಮಾರು 70 ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸಲಾಯಿತು. ಆ ಕೆಲಸವು 1994ರಲ್ಲಿ ಮುಗಿಯಿತು.

ಈ ವಿದ್ಯೆಯಲ್ಲಿ ಕನ್ನಡನಾಡಿನ ಪಾಲು ಚಿಕ್ಕದಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ 'ಭಾಸ್ಕರ' ಉಪಗ್ರಹವು 1979ರ ಜೂನ್ 7ರಂದು, ಮೃಗಶಿರಾ ಮಳೆ ಹೂಡುವ ಹೊತ್ತಿಗೆ ಸರಿಯಾಗಿ, ರಶಿಯದ ನೆಲದಿಂದ ಮೇಲೇರಿತು. ಕಡಲಿನ ಸ್ಥಿತಿಯನ್ನೂ ಗಾಳಿಯಲ್ಲಿಯ ನೀರಾವಿಯನ್ನೂ ಅರಿಯುವ 'ಸಮೀರ' ಎಂಬ ಉಪಕರಣವು ಅದರಲ್ಲಿತ್ತು. ಅದು ಹಿಡಿಯುತ್ತಿದ್ದದ್ದು ಸೂಕ್ಷ್ಮತರಂಗಗಳನ್ನು. ಇದರ ಮಹತ್ವವನ್ನು ತಿಳಿಯಬೇಕು. ಉಷ್ಣಕಿರಣಗಳನ್ನು ನೋಡುವ ಕಣ್ಣಿಗೆ ಮೋಡವು ಗೋಡೆಯಂತೆ. ಅಂದರೆ ನಮಗೆ ಕಡಲಿನ ಸುದ್ದಿ ಅತ್ಯಗತ್ಯವಾದ ಆಷಾಢ-ಶ್ರಾವಣಗಳಲ್ಲಿಯೇ ಅದು ಕುರುಡು. ಸೂಕ್ಷ್ಮತರಂಗಗಳು ಮೋಡವನ್ನು ತೂರಿ ಬರುವವು. 1999ರ ಮೇ 26ರಂದು ಹಾರಿದ ಓಶನ್‌ಸ್ಯಾಟ್-1ರ ಉಪಕರಣವು ಈ ಮಾರ್ಗದಿಂದಲೇ ಮೇಲ್ಮೈಯ ಉಷ್ಣಮಾನವನ್ನು ಅಳೆಯಲು ಹೊರಟಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡಗೀಳರು ಸಹೋದ್ಯೋಗಿಗಳೊಡನೆ 1984ರಲ್ಲಿ ಪ್ರಕಟಿಸಿದ ಶೋಧವೂ ಸ್ಮರಣೀಯ. ಕಡಲು ಸುಮಾರು 28 ಡಿಗ್ರಿಗಿಂತ ತಣ್ಣಗಿದ್ದರೆ ಅದರ ಮೇಲೆ ಮಳೆಮುಗಿಲುಗಳು ದಟ್ಟೈಸುವದು ವಿರಳ; ಆ ಮೇರೆಯನ್ನು ದಾಟಿದರೆ ದಾರಿ ತೆರೆಯುವದು. ಆ ಮೇರೆಯ ಹತ್ತಿರ ಅರ್ಧ ಡಿಗ್ರಿಯ ತಪ್ಪು ಕೂಡ ಅಲ್ಪವಲ್ಲ. 1997ರಲ್ಲಿ ಪ್ರಬಲ ಎಲ್ ನಿನೋ ಇದ್ದರೂ ದೇಶದ ಮುಂಗಾರು ಕೆಡದಿದ್ದುದು ಎಲ್ಲರಿಗೂ ಸೋಜಿಗವಾಗಿತ್ತು. ಹಿಂದೂ ಮಹಾಸಾಗರದ ಪಡುವಣ ಭಾಗ ಕಾದು ಮೂಡಣ ಭಾಗ ತಣಿಯುವ ದ್ವಿಧ್ರುವ ಸ್ಥಿತಿಯನ್ನು 1999ರಲ್ಲಿ ಗುರುತಿಸಿದಾಗ ಅದಕ್ಕೆ ಒಂದು ಸಮಾಧಾನ ದೊರೆಯಿತು. ಆ ಲೇಖನದ ಕರ್ತೃಗಳಲ್ಲಿ ಗೋಸ್ವಾಮಿ ಹಾಗೂ ವಿನಯಚಂದ್ರನ್ ಎಂಬ ಭಾರತೀಯರೂ ಇದ್ದರು.

ಉಪಗ್ರಹದ ಹಾರಾಟವನ್ನು ಪತ್ರಿಕೆಗಳು ದೊಡ್ಡಕ್ಷರಗಳಲ್ಲಿ ಹೊಗಳುವವು. ನೀರಿನಲ್ಲಿ ದುಡಿಯುವ ಉಪಕರಣವನ್ನು ಕೇಳುವವರಿಲ್ಲ. ಇದು ನನಗೆ ಸರಿದೋರದು. 2000ದ ಸುಮಾರಿಗೆ ಆರಂಭವಾದ ಆರ್ಗೋ ಯೋಜನೆಯ ಸುಮಾರು 4000 ತೇಲುಯಂತ್ರಗಳು ಜಗತ್ತಿನ ಕಡಲುಗಳಲ್ಲಿ ಅಲೆಯುತ್ತಿವೆ. ಒಂದೊಂದೂ 1000 ಮೀಟರು ಆಳದಲ್ಲಿ ತೇಲಿ, ಹತ್ತು ದಿನಗಳಿಗೊಮ್ಮೆ 2000 ಮೀಟರಿಗಿಳಿದು, ಕಾವು-ಉಪ್ಪುಗಳನ್ನು ಅಳೆಯುತ್ತ ಮೇಲೇರಿ ಸುದ್ದಿ ಕಳುಹಿಸುವದು. ನಮ್ಮ ದೇಶದ ಪಾಲಿನ ಆ ಕೆಲಸವನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ನೋಡಿಕೊಳ್ಳುತ್ತದೆ. ಉಷ್ಣಕಿರಣದ ಉಪಗ್ರಹವು ಕಾಣುವದು ಕೂದಲೆಳೆಗಿಂತ ತೆಳುವಾದ ಮೇಲ್ದೊಗಲನ್ನು. ಅದರ ಕೆಳಗಿನ ನೀರು ಸಾಮಾನ್ಯವಾಗಿ ತುಸು ಬೆಚ್ಚಗಿರುವದು. ಆದ್ದರಿಂದ ನೀರಿನ ಸಾಕ್ಷಿಯಿಲ್ಲದೆ ಮುಗಿಲಿನ ಸಾಕ್ಷಿಯನ್ನು ತಿದ್ದಲಾಗದು. 2022ರ ನವೆಂಬರ್ 26ರಂದು ಹಾರಿದ ಓಶನ್‌ಸ್ಯಾಟ್-3ರಲ್ಲಿ ಕಡಲಿನ ಕಾವನ್ನು ನೋಡುವ ಕಣ್ಣಿನ ಜೊತೆಗೆ, ತೇಲುಬುರುಡೆಗಳ ಮಾತನ್ನು ಆಲಿಸುವ ಫ್ರಾನ್ಸ್ ದೇಶದ ಕಿವಿಯನ್ನೂ ಇಟ್ಟಿದ್ದಾರೆ.

ಇಷ್ಟಾದರೂ ಈ ಅಂಕಿಗಳಿಂದ ಏಪ್ರಿಲ್ ತಿಂಗಳಲ್ಲಿ ಹೇಳಬಹುದಾದದ್ದು ಇಡಿಯ ದೇಶದ ಮುಂಗಾರಿನ ಮಾತನ್ನು. ಅಣ್ಣಿಗೇರಿಯ ಹೊಲದಲ್ಲಿ ಹೆಸರು ಬಿತ್ತುವ ವಾರ ಮಳೆ ಬಂದೀತೇ ಎಂಬದನ್ನು ಅಷ್ಟು ಮುಂಚೆ ಹೇಳಲು ಬಾರದು.