ಇಂಗ್ಲಿಷ್ ಮೇಷ್ಟ್ರಿಗೆ ಮೇಷ್ಟ್ರು ಯಾರು?

ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲೆಂದೇ 1963ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಶುರುವಾಯಿತು. ಈಗ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದೇ. 2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು ನೋಡಿ, ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತಿದ್ದ ಎಷ್ಟೋ ಮೇಷ್ಟ್ರುಗಳು ಅದನ್ನು ಪುಟಾಣಿಗಳಿಗೆ ಕಲಿಸಬೇಕಾಯಿತು.

ತರಬೇತಿ ಕೆಲವೇ ದಿನ. ಆಮೇಲೆ ಅನುಮಾನ ಬಂದರೆ ಯಾರನ್ನು ಕೇಳುವುದು? ಅದಕ್ಕೇ ಇರುವುದು ಕ್ಲಸ್ಟರ್ ಸಮಾಲೋಚನಾ ಸಭೆ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರಿ, ಒಬ್ಬರು ಮಾದರಿ ಪಾಠ ಮಾಡಿ, ಉಳಿದವರು ಹೇಗಿತ್ತೆಂದು ಹೇಳುವ ಜಾಗ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಒಬ್ಬರ ಕೋಡನ್ನು ಇನ್ನೊಬ್ಬರು ನೋಡಿಯೇ ಮುಂದಕ್ಕೆ ಬಿಡುವುದಲ್ಲವೇ? ಆ ಸಭೆ ಬರೀ ಸುತ್ತೋಲೆ, ಅಂಕಿಅಂಶಗಳಲ್ಲೇ ಮುಗಿದುಹೋದರೆ ನಷ್ಟ ಮೇಷ್ಟ್ರಿಗಲ್ಲ... ಪೀಣ್ಯದ ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ.