ಹಿಂದಿನ ಪಾಟಾದ ಕಥೆ: ಹುಬ್ಬಳ್ಳಿಯ ಗಾಡಿಗಳು ಬಿಗಿಯಾಗಿದ್ದು ಯಾರ ಖರ್ಚಿನಲ್ಲಿ?

ಇವತ್ತಿನ ಕಂತು ಗಾಡಿಯ ಹಿಂಭಾಗದ ಬಗ್ಗೆ. ಎಂಜಿನ್ ಅಲ್ಲ, ಮೈಲೇಜ್ ಅಲ್ಲ. ಸಿಗ್ನಲ್‌ನಲ್ಲಿ ಲಾರಿ ಹಿಂದೆ ಬೈಕ್ ನಿಲ್ಲಿಸಿದಾಗ ಒಂದ್ಸಲ ಬಗ್ಗಿ ನೋಡ್ರಿ, ಹಿಂದಿನ ಚಕ್ರದ ಒಳಗಡೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರ್ತಾವೆ. ಪುಸ್ತಕದಲ್ಲಿ ಲೀಫ್ ಸ್ಪ್ರಿಂಗ್, ಗ್ಯಾರೇಜಿನಲ್ಲಿ ಪಾಟಾ. ಇವತ್ತು ಆ ಪಾಟಾದ ಇತಿಹಾಸ.

ಯಾಕೆ ಇದು ತಲೆಗೆ ಬಂತು ಅಂದ್ರೆ, ರೀಲ್ಸ್. ಅಮೆರಿಕದಲ್ಲಿ 1950ರ ದಶಕದ ಹಳೇ ಶೆವರ್ಲೆ, ಫೋರ್ಡ್ ಪಿಕಪ್‌ಗಳನ್ನು ತಗೊಂಡು ಹೊಸದಾಗಿ ಕಟ್ಟೋದು ಒಂದು ದೊಡ್ಡ ಹುಚ್ಚು. ಅವರು ಮೊದಲು ಕೈಹಾಕೋ ಕೆಲಸಗಳಲ್ಲಿ ಒಂದು ಹಿಂದಿನ ಸಸ್ಪೆನ್ಷನ್. ಹಳೇ ಪಾಟಾ ಬಿಚ್ಚಿ ಪಕ್ಕಕ್ಕಿಡ್ತಾರೆ. ಆಕ್ಸಲ್ ಹಿಡಿಯೋಕೆ ನಾಲ್ಕು ಸಲಾಕೆಗಳ ಜೋಡಣೆ, ಭಾರ ಹೊರೋಕೆ ಸುರುಳಿ ಸ್ಪ್ರಿಂಗ್ ಅಥವಾ ಗಾಳಿ ತುಂಬಿದ ಬ್ಯಾಗು. ಗಾಡಿ ನೆಲಕ್ಕೆ ತಾಗೋ ಹಾಗೆ ತಗ್ಗುತ್ತೆ, ಸವಾರಿ ಕಾರಿನಷ್ಟು ಮೆತ್ತಗಾಗುತ್ತೆ. ಆ ಪಿಕಪ್ ಇನ್ನು ಯಾವತ್ತೂ ಮೂಟೆ ಹೊರೋದಿಲ್ಲ, ಹಾಗಾಗಿ ನಡೆಯುತ್ತೆ.

ಹುಬ್ಬಳ್ಳಿಯಲ್ಲಿ ಹಿಂದಿನ ಸಸ್ಪೆನ್ಷನ್ ಅಪ್‌ಗ್ರೇಡ್ ಅಂದ್ರೆ ಪೂರ್ತಿ ಉಲ್ಟಾ. ಇಲ್ಲಿ ಪಾಟಾ ತೆಗೆಯಲ್ಲ, ಸೇರಿಸ್ತಾರೆ. ಐದಿದ್ದದ್ದು ಏಳಾಗುತ್ತೆ. ಗಾಡಿ ತಗ್ಗಲ್ಲ, ಏರುತ್ತೆ. ಈ ಎರಡು ಅಪ್‌ಗ್ರೇಡ್‌ಗಳ ನಡುವಿನ ವ್ಯತ್ಯಾಸ ಬರೀ ಫ್ಯಾಷನ್ನಿನದಲ್ಲ, ಅದರಲ್ಲಿ ನಮ್ಮ ಊರಿನ ದುಡಿಮೆಯ ಚರಿತ್ರೆ ಇದೆ.

ಮೊದಲು ಪಾಟಾ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಣ. ಎಲ್ಲಕ್ಕಿಂತ ಉದ್ದದ ಪಟ್ಟಿಗೆ ಎರಡೂ ತುದಿಯಲ್ಲಿ ಕಣ್ಣಿನಂಥ ತೂತು, ಅದು ಮೇನ್ ಪಾಟಾ. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ ಪಟ್ಟಿಗಳು. ನಡುವೆ ಒಂದು ಸೆಂಟರ್ ಬೋಲ್ಟ್, ಆಕ್ಸಲ್‌ಗೆ ಬಿಗಿಯೋಕೆ ಯು-ಬೋಲ್ಟ್. ಒಂದು ತುದಿ ಚಾಸಿಗೆ ನೇರವಾಗಿ ಪಿನ್ನಿನಿಂದ ಕೂತಿರುತ್ತೆ, ಇನ್ನೊಂದು ತುದಿ ಶ್ಯಾಕಲ್ ಅನ್ನೋ ತೂಗುಕೊಂಡಿಯಲ್ಲಿ ನೇತಾಡುತ್ತೆ, ಯಾಕಂದ್ರೆ ಭಾರ ಬಿದ್ದಾಗ ಬಿಲ್ಲು ನೆಟ್ಟಗಾಗಿ ಉದ್ದವಾಗುತ್ತೆ, ಆ ಉದ್ದಕ್ಕೆ ಜಾಗ ಬೇಕಲ್ಲ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳೋದರಿಂದ ಕುಲುಕಾಟ ಸ್ವಲ್ಪ ತಾನಾಗೇ ತಣ್ಣಗಾಗುತ್ತೆ. ಅಂದ್ರೆ ಒಂದೇ ವಸ್ತು ಭಾರ ಹೊರುತ್ತೆ, ಆಕ್ಸಲನ್ನು ಜಾಗದಲ್ಲಿ ಹಿಡಿಯುತ್ತೆ, ಅಲುಗಾಟ ನುಂಗುತ್ತೆ. ಮೂರು ಕೆಲಸ, ಒಂದೇ ಸಂಬಳ. ಅಗ್ಗದ ಗಾಡಿಗೆ ಇದಕ್ಕಿಂತ ಒಳ್ಳೇದು ಇವತ್ತಿಗೂ ಸಿಕ್ಕಿಲ್ಲ.

ಲೆಕ್ಕ ಸರಳ. ಅದೇ ಅಳತೆಯ ಐದು ಪಟ್ಟಿಗೆ ಎರಡು ಸೇರಿಸಿದರೆ ಹೆಚ್ಚುಕಡಿಮೆ ಶೇ. 40ರಷ್ಟು ಬಿಗಿ ಜಾಸ್ತಿ. ಆದರೆ ಪಟ್ಟಿಯ ದಪ್ಪ ಎರಡು ಪಟ್ಟಾದರೆ ಬಿಗಿ ಎರಡು ಪಟ್ಟಲ್ಲ, ಎಂಟು ಪಟ್ಟು. ಹಾಗಾಗಿ ಎಷ್ಟು ಪಾಟಾ ಹಾಕಿದ್ರಿ ಅನ್ನೋದಕ್ಕಿಂತ ಯಾವ ದಪ್ಪದ್ದು ಹಾಕಿದ್ರಿ ಅನ್ನೋದು ಮುಖ್ಯ. ಇದು ಗೊತ್ತಿಲ್ಲದೆ ಹಳೇ ಲಾರಿಯ ಪಟ್ಟಿ ಕತ್ತರಿಸಿ ಚಿಕ್ಕ ಗಾಡಿಗೆ ಕೂರಿಸಿದರೆ ಅದು ಸ್ಪ್ರಿಂಗ್ ಆಗಿ ಉಳಿಯೋದಿಲ್ಲ, ತೊಲೆ ಆಗಿಬಿಡುತ್ತೆ.

(ಒಂದು ಪಕ್ಕದ ಮಾತು: ಇದು ಇಂಗಾಲ ಜಾಸ್ತಿ ಇರೋ ಗಟ್ಟಿ ಉಕ್ಕು. ಲಾರಿ ಸತ್ತರೂ ಪಾಟಾ ಸಾಯಲ್ಲ. ಗುಜರಿಯಿಂದ ಕಮ್ಮಾರರ ಕುಲುಮೆಗೆ ಹೋಗಿ ಕುಡಗೋಲು, ಕೊಡಲಿ ಆಗುತ್ತೆ. ಹಳ್ಳಿಗಳಲ್ಲಿ ಪಾಟಾದ ಕುಡಗೋಲು ಅಂದ್ರೆ ಒಂದು ಮರ್ಯಾದೆ ಇದೆ.)

ಈಗ ಹಿಂದಕ್ಕೆ ಹೋಗೋಣ. ನಮ್ಮ ಚಕ್ಕಡಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು. ಧಾರವಾಡ ಸೀಮೆಯ ಹತ್ತಿ ಎಲ್ಲ ಹೀಗೇ ಬಂತು, ಕುಲುಕಾಟ ಎತ್ತಿನ ಹೆಗಲಿಗೆ ಹೋಯ್ತು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿ ಸುಧಾರಿಸಬೇಕು ಅಂತ ಹಟ ಹಿಡಿದಾಗ ಮ್ಯಾನೇಜ್‌ಮೆಂಟ್ ಜನಕ್ಕೆ ಇದೇನು ಹುಚ್ಚು ಅನ್ನಿಸಿರಬೇಕು. ಆದರೆ ಅವರು ಕೇಳುತ್ತಿದ್ದ ಪ್ರಶ್ನೆ ಇವತ್ತಿನ ನಮ್ಮ ಪ್ರಶ್ನೆಯೇ: ರಸ್ತೆಯ ಹೊಡೆತ ಕೊನೆಗೆ ಯಾರ ಮೈಮೇಲೆ ಬೀಳುತ್ತೆ?

ಸ್ಪ್ರಿಂಗ್ ಜನರಿಗೋಸ್ಕರ ಬಂತು, ಮಾಲಿಗೋಸ್ಕರ ಅಲ್ಲ. ಲಂಡನ್ನಿನ ಸಾರೋಟು ತಯಾರಕ ಒಬಡಯಾ ಎಲಿಯಟ್ 1804ರಲ್ಲಿ ಎಲಿಪ್ಟಿಕ್ ಸ್ಪ್ರಿಂಗ್‌ಗೆ ಪೇಟೆಂಟ್ ಪಡೆದದ್ದು ಶ್ರೀಮಂತರ ಬೆನ್ನು ಉಳಿಸೋಕೆ. ಅದೇ ವಂಶದ ಪಟ್ಟಿಗಳು ಹುಬ್ಬಳ್ಳಿ-ಧಾರವಾಡದ ಟಾಂಗಾಗಳ ಅಡಿಯಲ್ಲೂ ಇದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಶುರುವಾಯ್ತು. ರೈಲು ವ್ಯಾಗನ್ನಿನ ಅಡಿಯಲ್ಲೂ ಇಂಥದೇ ಪಟ್ಟಿಗಳ ಕಟ್ಟು. ಕಬ್ಬಿಣ ಕಾಯಿಸಿ ಬಗ್ಗಿಸೋ ಕೈಗಳು ಈ ಊರಿನಲ್ಲಿ ಲಾರಿಗಿಂತ ಮುಂಚೆಯೇ ಇದ್ದವು ಅನ್ನೋದು ನನ್ನ ಅಂದಾಜು.

1928ರಲ್ಲಿ ಜನರಲ್ ಮೋಟರ್ಸ್ ಮುಂಬಯಿಯಲ್ಲಿ ಗಾಡಿ ಜೋಡಿಸೋಕೆ ಶುರು ಮಾಡಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಅಂದ್ರೆ ಇವತ್ತು ರೀಲ್ಸ್‌ನಲ್ಲಿ ಮಿಂಚುವ ಕ್ಲಾಸಿಕ್ ಶೆವರ್ಲೆಗಳ ಅಜ್ಜಂದಿರು ಈ ಕಡೆಗೂ ಬಂದವರೇ. ಬರುತ್ತಿದ್ದದ್ದು ಹೆಚ್ಚಾಗಿ ಬರೀ ಚಾಸಿ, ಮೇಲಿನ ಮರದ ಬಾಡಿ ಊರಿನ ಬಡಿಗೇರರದ್ದು. ಆಮೇಲೆ 1954ರಲ್ಲಿ ಟೆಲ್ಕೊ, ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ನಿಂತಿತು. ಪುಣೆ-ಬೆಂಗಳೂರು ಹೆದ್ದಾರಿ ಊರಿನ ಮೇಲೇ ಹಾದುಹೋಗೋದರಿಂದ ಹುಬ್ಬಳ್ಳಿ ಲಾರಿಗಳ ಊರಾಯ್ತು.

ಇಲ್ಲಿ ಅಮೆರಿಕದ ದಾರಿ ಬೇರೆಯಾಯ್ತು. 1960ರಲ್ಲಿ ಶೆವರ್ಲೆ ಕಂಪನಿ ತನ್ನ ಅರ್ಧ ಟನ್ ಪಿಕಪ್‌ನ ಹಿಂದೆ ಪಾಟಾ ಬಿಟ್ಟು ಸುರುಳಿ ಸ್ಪ್ರಿಂಗ್ ಹಾಕಿತು, ಯಾಕಂದ್ರೆ ಅಲ್ಲಿ ಪಿಕಪ್ ಮನೆಮಂದಿಯ ಗಾಡಿ ಆಗುತ್ತಿತ್ತು. ಮಜಾ ಏನಂದ್ರೆ 1973ರ ಮಾದರಿಯಲ್ಲಿ ಅವರೇ ಮತ್ತೆ ಪಾಟಾಕ್ಕೆ ವಾಪಸ್ ಬಂದರು. ನಮ್ಮಲ್ಲಿ ಆ ಚರ್ಚೆಯೇ ಹುಟ್ಟಲಿಲ್ಲ. ನಮ್ಮಲ್ಲಿ ಗಾಡಿ ಅಂದ್ರೆ ಸಾಲದ ಕಂತು, ಕಂತು ಅಂದ್ರೆ ಟ್ರಿಪ್ಪು, ಟ್ರಿಪ್ಪು ಅಂದ್ರೆ ಟನ್ನು.

ಇದರ ತುತ್ತತುದಿ ನಾವು ಚಿಕ್ಕವರಿದ್ದಾಗ ನಡೆದದ್ದು. 2003ರಿಂದ 2010ರ ಆಸುಪಾಸಿನವರೆಗೆ ಬಳ್ಳಾರಿ-ಹೊಸಪೇಟೆಯ ಅದಿರು ಹುಬ್ಬಳ್ಳಿ ಮೇಲೆ ಹಾದು ಅಂಕೋಲಾ, ಬೇಲೆಕೇರಿ ಕಡೆ ಇಳಿಯುತ್ತಿತ್ತು. ಅದಿರು ಮೋಸದ ಮಾಲು. ಹತ್ತಿ ತುಂಬಿದರೆ ಲಾರಿ ಆಕಾಶಕ್ಕೆ ಮುಟ್ಟುತ್ತೆ, ಭಾರ ಕಣ್ಣಿಗೆ ಕಾಣುತ್ತೆ. ಅದಿರು ತೊಟ್ಟಿಯ ತಳದಲ್ಲಿ ಕೂತಿರುತ್ತೆ; ಅರ್ಧ ಖಾಲಿ ಇದ್ದಂಗೆ ಕಂಡರೂ ಮಿತಿ ದಾಟಿರುತ್ತೆ. ಹೊರಗಿನಿಂದ ಗೊತ್ತು ಮಾಡೋ ಸುಲಭ ಗುರುತು ಅಂದ್ರೆ ಪಾಟಾ: ಬಿಲ್ಲು ನೆಟ್ಟಗಾಗಿ, ಕೆಲವೊಮ್ಮೆ ತಲೆಕೆಳಗಾಗಿ ಬಾಗಿದರೆ ಓವರ್‌ಲೋಡ್. ಹೆಚ್ಚುವರಿ ಪಾಟಾ ಹಾಕಿದರೆ ಆ ಗುರುತೂ ಮಾಯ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ತನಿಖೆ ಈ ಓವರ್‌ಲೋಡಿಂಗ್ ವಿಷಯವನ್ನೂ ಕೈಗೆತ್ತಿಕೊಂಡಿತ್ತು. ಕೊನೆಯ ವರದಿ ಬಂದದ್ದು 2011ರ ಜುಲೈನಲ್ಲಿ.

ನಾನು ಕಾಮರ್ಸ್ ಓದಿದವನು, ಹಾಗಾಗಿ ಯಾವ ಖರ್ಚು ಯಾರ ಖಾತೆಗೆ ಹೋಗುತ್ತೆ ಅನ್ನೋದೇ ಕಣ್ಣಿಗೆ ಬೀಳುತ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ಭಾರದ ಲಾರಿಗಳನ್ನು ರಸ್ತೆ ಸುತ್ತುಗಳಲ್ಲಿ ಓಡಿಸಿ ರಸ್ತೆ ಎಷ್ಟು ಕೆಡುತ್ತೆ ಅಂತ ಅಳೆದರು. ಸಿಕ್ಕ ಉತ್ತರ: ಆಕ್ಸಲ್ ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗೆ ಹಾನಿ ಸುಮಾರು ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು. ಪಾಟಾ ಸೇರಿಸೋ ಖರ್ಚು ಲಾರಿ ಮಾಲೀಕನದು, ಲಾಭ ಗಣಿಯವನದು, ರಸ್ತೆ ನಮ್ಮ ತೆರಿಗೆಯದು.

2005 ಈ ಕಥೆಯಲ್ಲಿ ವಿಶೇಷ ವರ್ಷ. ಆ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹೆಚ್ಚಿನ ಭಾರ ಇಳಿಸದೆ ಬರೀ ದಂಡ ಕಟ್ಟಿಸಿಕೊಂಡು ಲಾರಿ ಬಿಡೋ ಹಾಗಿಲ್ಲ ಅಂದಿತು. ಅದೇ ವರ್ಷ ಮೇನಲ್ಲಿ ಟಾಟಾ ಏಸ್ ಬಂತು. ಛೋಟಾ ಹಾಥಿ. 702 ಸಿಸಿ, ಎರಡು ಸಿಲಿಂಡರ್, 16 ಅಶ್ವಶಕ್ತಿ, ಹೊರೋ ಭಾರ 750 ಕಿಲೊ. ಮುಂದೆಯೂ ಪಾಟಾ, ಹಿಂದೆಯೂ ಪಾಟಾ. ಸ್ವಂತ ಲಾರಿ ಕನಸಲ್ಲೂ ಇಲ್ಲದ ಹುಡುಗರು ಮಾಲೀಕರಾದರು. ಇದನ್ನು ನಾನು ಸಣ್ಣ ಮಾತಾಗಿ ಹೇಳ್ತಾ ಇಲ್ಲ, ನಮ್ಮ ಓಣಿಗಳ ಎಷ್ಟೋ ಮನೆಗಳ ಮಕ್ಕಳ ಫೀಸು ಆ ಗಾಡಿಯಿಂದ ಬಂದಿದೆ.

ಅಮರಗೋಳದ ಎಪಿಎಂಸಿಗೆ ಹೋಗಿ ನೋಡ್ರಿ. ಬ್ಯಾಡಗಿ ಮೆಣಸಿನಕಾಯಿ ಚೀಲ ಹೇರಿದ ಏಸ್ ಗೋಪುರದ ಹಾಗೆ ಕಂಡರೂ ಮಾಲು ಹಗುರ. ಅದೇ ಗಾಡಿಗೆ ಉಳ್ಳಾಗಡ್ಡಿ ಹೇರಿದರೆ 50 ಕಿಲೊದ 15 ಚೀಲಕ್ಕೇ 750 ಮುಗೀತು. ಅಷ್ಟಕ್ಕೇ ನಿಲ್ಲಿಸಿದರೆ ಬಾಡಿಗೆ ಗಿಟ್ಟಲ್ಲ ಅಂತಾರೆ. ಆಗ ಬರೋದೇ ಪಾಟಾ ಅಂಗಡಿ. ಯು-ಬೋಲ್ಟ್ ಬಿಚ್ಚಿ, ಕುಗ್ಗಿದ ಪಟ್ಟಿಗೆ ಸುತ್ತಿಗೆಯಿಂದ ಮತ್ತೆ ಬಾಗು ಕೊಟ್ಟು, ಮೇಲೆ ಎರಡು ಪಟ್ಟಿ ಸೇರಿಸಿ ಬಿಗಿದರೆ ಗಾಡಿಯ ಹಿಂಭಾಗ ಎದೆ ಸೆಟೆದು ನಿಲ್ಲುತ್ತೆ. ಆ ಮಿಸ್ತ್ರಿಗಳ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಕಿವಿಯಿಂದಲೇ ಪಟ್ಟಿಯ ಬಿರುಕು ಹಿಡಿಯೋ ಜನ ಅವರು.

ಆದರೆ ಪಾಟಾ ಮಾತ್ರ ಗಟ್ಟಿಯಾಯ್ತು. ಆಕ್ಸಲ್, ಬೇರಿಂಗ್, ಟೈರು, ಚಾಸಿ, ಬ್ರೇಕು ಎಲ್ಲ ಹಳೆಯದೇ. ಅದಕ್ಕಿಂತ ಸೂಕ್ಷ್ಮದ ಒಂದು ಸಂಗತಿ ಇದೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಭಾರ ನೋಡಿ ಒತ್ತಡ ಬಿಡೋ ಒಂದು ವಾಲ್ವ್ ಇರುತ್ತೆ. ಅದು ಭಾರ ಅಳೆಯೋದು ಚಾಸಿ ಮತ್ತು ಆಕ್ಸಲ್ ನಡುವಿನ ಅಂತರದಿಂದ. ಪಾಟಾ ಬಿಗಿ ಮಾಡಿದರೆ ಭಾರ ಬಿದ್ದರೂ ಚಾಸಿ ಇಳಿಯಲ್ಲ. ಗಾಡಿ ಖಾಲಿ ಇದೆ ಅಂತ ವಾಲ್ವ್ ತಿಳಿಯುತ್ತೆ, ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಬಿಡುತ್ತೆ. ಯಾವಾಗ? ಸರಿಯಾಗಿ ಒಂದೂವರೆ ಟನ್ ಹೊತ್ತುಕೊಂಡು ಇಳಿಜಾರಿನಲ್ಲಿ ಬರುವಾಗ.

ಇನ್ನೊಂದು ಕಡೆ ನೋಡ್ರಿ. ಉಳ್ಳಾಗಡ್ಡಿ ಇಳಿಸಿ ವಾಪಸ್ ಹೋಗುವಾಗ ಅದೇ ಗಾಡಿಯ ಹಿಂದೆ ಜನ ಹತ್ತುತ್ತಾರೆ. ಕಳೆ ತೆಗೆಯೋಕೆ ಹೋಗೋ ಹೆಣ್ಣುಮಕ್ಕಳು, ಮದುವೆ ದಿಬ್ಬಣ, ಜಾತ್ರೆಯ ಜನ. ಮಾಲು ಗಾಡಿಯಲ್ಲಿ ಜನ ಹೇರೋದು ಕಾನೂನಿಗೆ ವಿರುದ್ಧ, ಆದರೂ ಬೆಳಗಿನ ಹೊತ್ತು ಯಾವ ಹಳ್ಳಿ ದಾರಿಯಲ್ಲಿ ನಿಂತರೂ ಕಾಣುತ್ತೆ. ಟನ್‌ಗಟ್ಟಲೆ ಭಾರಕ್ಕೆ ಬಿಗಿದ ಪಾಟಾ ಹತ್ತು ಜನರ ತೂಕಕ್ಕೆ ಅಷ್ಟಾಗಿ ಬಾಗಲ್ಲ. ಗುಂಡಿಯ ಹೊಡೆತ ನೇರವಾಗಿ ಅವರ ಬೆನ್ನಿಗೆ. ಹಿಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತೆ, ಪುಟಿದ ಚಕ್ರಕ್ಕೆ ಬ್ರೇಕ್ ಹಿಡಿಯಲ್ಲ. ಸಾರೋಟಿನಲ್ಲಿ ಮನುಷ್ಯರ ಬೆನ್ನಿಗಾಗಿ ಬಂದ ವಸ್ತು ಈಗ ಮೂಟೆಗೆ ಮೆತ್ತಗೆ, ಮನುಷ್ಯರಿಗೆ ಬಿರುಸು.

ಹೆಚ್ಚು ಮಾಲು ಸಾಗಿಸೋಕೆ ಬೇರೆ ದಾರಿ ಇರಲಿಲ್ಲವಾ? ಇತ್ತು. ವಿಜಯ ಸಂಕೇಶ್ವರ 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ಆಮೇಲೆ ಹುಬ್ಬಳ್ಳಿಗೆ ಬಂದು, ತನ್ನ ಲಾರಿಗಳ ಬಾಡಿಯನ್ನು ತಾನೇ ಕಟ್ಟಿಕೊಳ್ಳೋಕೆ ಶುರು ಮಾಡಿತು. ಬಾಡಿ ಹಗುರಾದಷ್ಟು ಅದೇ ಮಿತಿಯೊಳಗೆ ಮಾಲು ಜಾಸ್ತಿ ಹಿಡಿಯುತ್ತೆ. ಬುದ್ಧಿವಂತ ಲೆಕ್ಕ. ಆದರೆ ಒಂದೇ ಏಸ್ ಇರೋ ಹುಡುಗ ಸ್ವಂತ ಬಾಡಿ ಕಾರ್ಖಾನೆ ಹಾಕೋಕಾಗಲ್ಲ. ಅವನಿಗೆ ಎಟಕೋದು ಪಾಟಾ ಒಂದೇ. ಹಾಗಾಗಿ ತಪ್ಪು ಹುಡುಗನದು ಅಂತ ಬೆರಳು ತೋರಿಸೋದು ನನಗೆ ಸರಿ ಅನ್ನಿಸಲ್ಲ. ಟನ್ ಲೆಕ್ಕ ಬಿಟ್ಟು ಟ್ರಿಪ್ ಲೆಕ್ಕದಲ್ಲಿ ಚೌಕಾಸಿ ಮಾಡಿ, ಒಂದೇ ಗಾಡಿಯಲ್ಲಿ ಎಲ್ಲ ಹೇರು ಅನ್ನೋ ಗಿರಾಕಿಯೂ ಇದರಲ್ಲಿ ಪಾಲುದಾರ.

ಕಾನೂನು ಎರಡು ಕಡೆ ಎಳೆದಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯ್ತು. 2019ರ ತಿದ್ದುಪಡಿಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ದಂಡ ಬಂತು. ಕಸ್ಟಮ್ ಗಾಡಿ ಕಟ್ಟೋ ಆಸೆ ಇರೋರು ಕೇಳಿಸ್ಕೊಳ್ರಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಒಂದು ಪ್ರಕರಣದಲ್ಲಿ, ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಮತ್ತೆ, ಎಷ್ಟು ಪಾಟಾ ಸೇರಿಸಿದರೂ ಆರ್‌ಸಿಯಲ್ಲಿ ಬರೆದ ಕಿಲೊ ಬದಲಾಗಲ್ಲ.

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋ ಯೋಚನೆ ಇದ್ದರೆ ಮೊದಲು ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ್ಕೊಳ್ರಿ. ಪಾಟಾ ಎಣಿಸ್ರಿ, ಕಂಪನಿಯ ಲೆಕ್ಕಕ್ಕೆ ಹೋಲಿಸ್ರಿ. ಯಾವುದಾದರೂ ಪಟ್ಟಿಯ ದಪ್ಪ ಬೇರೆ ಇದೆಯಾ, ಬಣ್ಣ ಹೊಸದಾಗಿದೆಯಾ, ಯು-ಬೋಲ್ಟ್ ಉದ್ದದ್ದು ಹಾಕಿದ್ದಾರಾ ನೋಡ್ರಿ. ಶ್ಯಾಕಲ್ ಕೂತ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಮಾಡಿದ ಗುರುತು ಇದ್ದರೆ ಆ ಗಾಡಿ ಏನು ಹೊತ್ತಿತ್ತು ಅಂತ ಮಾಲೀಕನನ್ನು ಕೇಳೋ ಅಗತ್ಯವೇ ಇಲ್ಲ. ಬ್ರೇಕ್ ವಾಲ್ವಿನ ಕಡ್ಡಿ ಜಾಗದಲ್ಲಿದೆಯಾ ಅಂತ ಮಿಸ್ತ್ರಿಯನ್ನು ಕೇಳ್ರಿ. ಕೆಲವರು ಅದನ್ನು ತಂತಿ ಸುತ್ತಿ ಕಟ್ಟಿಬಿಟ್ಟಿರ್ತಾರೆ.

ನಿಮ್ಮ ಮನೆಯಲ್ಲಿ ಹಳೇ ಟಾಂಗಾದ್ದೋ, ಲಾರಿಯದ್ದೋ ಫೋಟೋ ಇದ್ದರೆ ಕಳಿಸ್ರಿ. ಹಿಂದಿನ ಚಕ್ರ ಕಾಣೋ ಹಾಗಿದ್ದರೆ ಇನ್ನೂ ಚಲೋ. ಮುಂದಿನ ವಾರ ಸಿಗೋಣ್ರೀ.