ಕಾಂಕ್ರೀಟಿಗೆ ಗಾಜನ್ನು ಹಿಡಿಸಿದ ಬಗೆ: ವಸ್ತುಸಂಗ್ರಹಾಲಯಗಳ ನಿರ್ಮಾಣದಲ್ಲಿ ಒಂದು ತಂತ್ರದ ಬೆಳವಣಿಗೆ

ವಸ್ತುಸಂಗ್ರಹಾಲಯದ ಗಾಜಿನ ಗೋಡೆ ಕಟ್ಟಡದ ಭಾರ ಹೊರುವುದಿಲ್ಲ. ಅದರ ಸ್ವಂತ ತೂಕ ಮತ್ತು ಅದರ ಮೇಲೆ ಬೀಳುವ ಗಾಳಿಯ ಒತ್ತಡ ಎರಡೂ ಕೊನೆಗೆ ಕಾಂಕ್ರೀಟಿನ ತೊಲೆಯನ್ನೋ ಸ್ಲ್ಯಾಬಿನ ಅಂಚನ್ನೋ ಸೇರಬೇಕು. ಸೇರಿಸುವವು ಕೆಲವು ಬ್ರ್ಯಾಕೆಟ್ಟುಗಳು, ಬೋಲ್ಟುಗಳು. ಕೂಡಬೇಕಾದ ವಸ್ತುಗಳ ಸ್ವಭಾವವಂತೂ ಬೇರೆ ಬೇರೆ. ಗಾಜನ್ನು ಒಂದೆರಡು ಮಿಲಿಮೀಟರ್‌ಗಳ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಕಾಂಕ್ರೀಟಿನ ಅಂಚು ನಕ್ಷೆಗಿಂತ 20-25 ಮಿ.ಮೀ. ಆಚೀಚೆ ಆಗುವುದು ಸಾಮಾನ್ಯ. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ, ಭಾರದಡಿ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತದೆ. ಉಷ್ಣತೆ 50 ಡಿಗ್ರಿ ಏರಿದರೆ 10 ಮೀಟರಿನ ಅಲ್ಯೂಮಿನಿಯಂ ಪಟ್ಟಿ ಸುಮಾರು 11.5 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಗಾಜು 4.5 ಮಿ.ಮೀ. ಮಾತ್ರ. ಒಂದೆಡೆ ಒತ್ತಡ ಮಿತಿಮೀರಿದರೆ ಉಕ್ಕು ಬಾಗಿ ತಾಳಿಕೊಳ್ಳುತ್ತದೆ, ಗಾಜು ಒಡೆಯುತ್ತದೆ. ಆದ್ದರಿಂದ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದೇ ಈ ವಿದ್ಯೆಯ ತಿರುಳು. ಅದನ್ನು ಕಲಿಯಲು ಒಂದು ಶತಮಾನ ಹಿಡಿಯಿತು.

ಇದರ ಬೇರುಗಳಲ್ಲೊಂದು ವಸ್ತುಸಂಗ್ರಹಾಲಯದಲ್ಲೇ ಇದೆ. 1911ರ ಸುಮಾರಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ಹಾನಿಯಾಗದಂತೆ ವಿದ್ಯುತ್ ಉಪಕರಣಗಳನ್ನು ಕೂರಿಸಬೇಕಾಗಿ ಬಂದಾಗ, ಗುತ್ತಿಗೆದಾರ ಜಾನ್ ರಾಲಿಂಗ್ಸ್ ಸೆಣಬಿನ ನಾರಿನ ಗೂಟವೊಂದನ್ನು ರೂಪಿಸಿದರು. ಸಣ್ಣ ತೂತಿನಲ್ಲಿಟ್ಟು ಸ್ಕ್ರೂ ತಿರುಗಿಸಿದರೆ ಅದು ಅರಳಿ ಗೋಡೆಯನ್ನು ಹಿಡಿಯುತ್ತಿತ್ತು. ಇಂದಿನ ಅರಳು ಬೋಲ್ಟುಗಳಲ್ಲಿಯೂ ಇದೇ ತತ್ತ್ವವಿದೆ. ಬರ್ಲಿನ್ನಿನಲ್ಲಿ ಉದ್ಯಮ ಕಟ್ಟಿದ ನಾರ್ವೆಯ ಆಂಡರ್ಸ್ ಯೋರ್ಡಾಲ್ 1913ರಲ್ಲಿ ಇನ್ನೊಂದು ದಾರಿ ತೋರಿದರು: ಕಾಂಕ್ರೀಟು ಸುರಿಯುವ ಮೊದಲೇ ಉಕ್ಕಿನ ಚಾನೆಲ್ಲೊಂದನ್ನು ಅಚ್ಚಿನೊಳಗೆ ಕೂರಿಸುವುದು. ಗಟ್ಟಿಯಾದ ಮೇಲೆ ಬೋಲ್ಟಿನ ತಲೆಯನ್ನು ಆ ಸೀಳಿನಲ್ಲಿ ಬೇಕಾದಲ್ಲಿಗೆ ಜಾರಿಸಿ ಬಿಗಿಯಬಹುದು. ಕಾಂಕ್ರೀಟಿನ ಅಳತೆ ತಪ್ಪನ್ನು ನುಂಗಿಕೊಳ್ಳುವ ಈ ಉಪಾಯ ಇಂದಿಗೂ ಗಾಜಿನ ಹೊರಗೋಡೆಗಳ ಮುಖ್ಯ ಆಧಾರ.

1968ರಲ್ಲಿ ತೆರೆದ ಎರಡು ಸಂಗ್ರಹಾಲಯಗಳು ಸಮಸ್ಯೆಯ ಗಾತ್ರವನ್ನು ತೋರಿಸಿದವು. ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಲೀನಾ ಬೊ ಬಾರ್ಡಿ ಎರಡು ತುದಿಗಳ ನಡುವೆ ಸುಮಾರು 74 ಮೀಟರ್ ಚಾಚುವ ಕಾಂಕ್ರೀಟ್ ತೊಲೆಗಳ ಆಸರೆಯಲ್ಲಿ ಗಾಜಿನ ಪೆಟ್ಟಿಗೆಯೊಂದನ್ನು ನೆಲದಿಂದ ಎತ್ತಿ ನಿಲ್ಲಿಸಿದರು. ಇಷ್ಟು ಉದ್ದದ ರಚನೆ ಅಲುಗದೆ ಇರದು, ಗಾಜಿನ ಮೇಲಂಚಿಗೆ ಏರಿಳಿಯುವ ಅವಕಾಶ ಬೇಕೇ ಬೇಕು. ಒಳಗೆ ಚಿತ್ರಗಳನ್ನು ತೂಗುಹಾಕಿದ್ದು ಕಾಂಕ್ರೀಟಿನ ಘನಗಳಲ್ಲಿ ನೆಟ್ಟ ಗಾಜಿನ ಹಲಗೆಗಳ ಮೇಲೆ. ಗಾಜು-ಕಾಂಕ್ರೀಟುಗಳ ಇಷ್ಟು ನೇರವಾದ, ಸುಂದರವಾದ ಜೋಡಣೆ ಅಪರೂಪ. ಬರ್ಲಿನ್ನಿನ ನೋಯೆ ನ್ಯಾಷನಲ್‌ಗ್ಯಾಲರಿಯಲ್ಲಿ ಮೀಸ್ ವಾನ್ ಡೆರ್ ರೋಹೆ ಉಕ್ಕಿನ ಚೌಕಟ್ಟುಗಳಲ್ಲಿ ಬೃಹತ್ ಗಾಜುಗಳನ್ನು ಬಿಗಿದರು. ಚೌಕಟ್ಟಿಗೆ ಹಿಗ್ಗಲು ಎಡೆ ಸಾಲದೆ ಗಾಜುಗಳು ಮತ್ತೆ ಮತ್ತೆ ಬಿರುಕು ಬಿಟ್ಟವು. ಚಳಿಗಾಲದಲ್ಲಿ ಒಳಮೈಯಲ್ಲಿ ನೀರು ಹನಿಗಟ್ಟುತ್ತಿತ್ತು.

ಮುಖ್ಯ ತಿರುವು ಬಂದದ್ದು ಪ್ಯಾರಿಸ್ಸಿನಲ್ಲಿ. ಅರ್ಧಕ್ಕೆ ನಿಂತಿದ್ದ ಕಸಾಯಿಖಾನೆಯ ಕಟ್ಟಡವನ್ನು ವಿಜ್ಞಾನ ಸಂಗ್ರಹಾಲಯವಾಗಿ ಮಾರ್ಪಡಿಸಿದ ಲಾ ವಿಲೆಟ್‌ನಲ್ಲಿ (1986) ವಾಸ್ತುಶಿಲ್ಪಿ ಆದ್ರಿಯಾಂ ಫಾಂಸಿಲ್ಬೆರ್ ಮೂರು ಗಾಜಿನ ಮುಖಗಳನ್ನು ಕಲ್ಪಿಸಿದರು. ಎಂಜಿನಿಯರ್ ಪೀಟರ್ ರೈಸ್ ಮತ್ತು ಸಂಗಡಿಗರು ಅವನ್ನು ಸಾಧ್ಯವಾಗಿಸಿದರು. ಪ್ರತಿ ಮುಖವೂ 32 ಮೀಟರಿನ ಚೌಕ. ಅದರೊಳಗೆ 8 ಮೀಟರಿನ ಉಕ್ಕಿನ ಚೌಕಟ್ಟುಗಳು, ಒಂದೊಂದರಲ್ಲಿ 2 ಮೀಟರಿನ ಹದಿನಾರು ಗಾಜುಗಳು. ಗಾಜಿಗೆ ಪ್ರತ್ಯೇಕ ಅಂಚುಪಟ್ಟಿ ಇಲ್ಲ. ಮೇಲಿನ ಸಾಲಿನ ಗಾಜು ಸ್ಪ್ರಿಂಗಿನಿಂದ ತೂಗುತ್ತದೆ, ಕೆಳಗಿನವು ಅದಕ್ಕೆ ಜೋತುಬೀಳುತ್ತವೆ. ಗಾಳಿಯನ್ನು ಹಿಂದಿನ ಕೇಬಲ್ಲುಗಳು ತಡೆಯುತ್ತವೆ. ಮೂಲೆಯ ಬೋಲ್ಟಿನ ತಿರುಗುಗುಂಡು ಗಾಜಿನ ದಪ್ಪದೊಳಗೇ ಕೂತಿರುವುದು ಇಲ್ಲಿನ ಜಾಣ್ಮೆ. ಗಾಜು ಬಾಗಿದಾಗ ಬೋಲ್ಟು ತೂತಿನ ಅಂಚನ್ನು ತಿರುಚುವುದಿಲ್ಲ. ಒಂದು ಗಾಜು ಒಡೆದರೆ ಆ ಧಕ್ಕೆಯನ್ನು ಸ್ಪ್ರಿಂಗು ಹೀರಿಕೊಳ್ಳುತ್ತದೆ, ಉಳಿದವು ನಿಲ್ಲುತ್ತವೆ. ಜಗತ್ತಿನಾದ್ಯಂತ ಕಾಣುವ ಜೇಡಕಾಲಿನಂಥ ಹಿಡಿಕೆಗಳು ಈ ಪರಂಪರೆಯವು, ಆದರೆ ಮೂಲದ ಸೂಕ್ಷ್ಮ ಅವೆಲ್ಲದರಲ್ಲಿಯೂ ಉಳಿದಿಲ್ಲ.

ಆಸ್ಟ್ರಿಯಾದ ಬ್ರೆಗೆಂಜ್ ಕಲಾಭವನದಲ್ಲಿ (1997) ಪೀಟರ್ ಜುಮ್ಟೋರ್ ಗಾಜಿಗೆ ತೂತನ್ನೇ ಕೊರೆಯಲಿಲ್ಲ. ಮಬ್ಬುಗೊಳಿಸಿದ ಹಲಗೆಗಳು ಲೋಹದ ಬ್ರ್ಯಾಕೆಟ್ಟುಗಳ ಮೇಲೆ ಕೂತು ಹಿಡಿಕೆಗಳಿಂದ ನಿಂತಿವೆ. ಅವುಗಳ ಉಕ್ಕಿನ ಚೌಕಟ್ಟು ಒಳಗಿನ ಕಾಂಕ್ರೀಟ್ ಕಟ್ಟಡದಿಂದ ಬೇರೆಯಾಗಿ ತನ್ನ ಭಾರ ತಾನೇ ಹೊರುತ್ತದೆ. ಅಮೆರಿಕದ ಫೋರ್ಟ್ ವರ್ತ್‌ನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ (2002) ತಾದಾವೊ ಆಂದೊ ಕಾಂಕ್ರೀಟಿನ ಕೋಣೆಗಳನ್ನು ಸುಮಾರು 12 ಮೀಟರ್ ಎತ್ತರದ ಗಾಜಿನಿಂದ ಸುತ್ತುವರಿದರು. ಕಾಂಕ್ರೀಟನ್ನು ಬರಿಮೈಯಲ್ಲೇ ತೋರಿಸುವ ಇಂಥ ಕಟ್ಟಡದಲ್ಲಿ ಆಧಾರದ ಜಾಗ ತಪ್ಪಿದರೆ ಕೊರೆದು ಸರಿಪಡಿಸಿ ಗಿಲಾವಿನಲ್ಲಿ ಮುಚ್ಚುವಂತಿಲ್ಲ.

ಆಧಾರವನ್ನು ಲೆಕ್ಕ ಹಾಕುವ ವಿಧಾನವೂ ಈ ಹೊತ್ತಿಗೆ ಬದಲಾಗಿತ್ತು. ಬೋಲ್ಟನ್ನು ಎಳೆದರೆ ಕಾಂಕ್ರೀಟು ಶಂಕುವಿನ ಆಕಾರದಲ್ಲಿ ಕಿತ್ತುಬರುತ್ತದೆ. ಆಳ ಇಮ್ಮಡಿಯಾದರೆ ಹಿಡಿತ ನಾಲ್ಕು ಪಟ್ಟಾಗುವುದಿಲ್ಲ, ಸುಮಾರು 2.8 ಪಟ್ಟಾಗುತ್ತದೆ ಎಂಬ ತಿಳಿವಿನ ಮೇಲೆ ಫುಕ್ಸ್, ಎಲಿಗೆಹೌಸೆನ್, ಬ್ರೀನ್ 1995ರಲ್ಲಿ ತಮ್ಮ ವಿಧಾನವನ್ನು ಮಂಡಿಸಿದರು. ಅಂಚಿಗೆ ಹತ್ತಿರವಾದಷ್ಟೂ ಹಿಡಿತ ಕುಂದುತ್ತದೆ. ಗಾಜಿನ ಗೋಡೆಯ ಆಧಾರಗಳೆಲ್ಲ ಸ್ಲ್ಯಾಬಿನ ಅಂಚಿನಲ್ಲೇ ಇರುವುದರಿಂದ ಈ ಲೆಕ್ಕ ನಿರ್ಣಾಯಕ. ಇದೇ ವಿಧಾನ 2002ರಲ್ಲಿ ಅಮೆರಿಕದ ಕಾಂಕ್ರೀಟ್ ಸಂಹಿತೆಗೆ, ಮುಂದೆ ಯುರೋಪಿನ ಇಎನ್ 1992-4 (2018) ಮಾನಕಕ್ಕೆ ಬಂತು. 2006ರಲ್ಲಿ ಬಾಸ್ಟನ್ನಿನ ಸುರಂಗವೊಂದರ ಚಾವಣಿ ಹಲಗೆಗಳು ಕುಸಿದು ಒಬ್ಬ ಮಹಿಳೆ ಸತ್ತರು. ಬೋಲ್ಟುಗಳನ್ನು ಕಾಂಕ್ರೀಟಿಗೆ ಹಿಡಿಸಿದ್ದ ಎಪಾಕ್ಸಿ ಅಂಟು ಸತತ ಭಾರಕ್ಕೆ ನಿಧಾನವಾಗಿ ಜಾರಿದ್ದೇ ಕಾರಣವೆಂದು ತನಿಖೆ ತೋರಿಸಿತು. ಅಲ್ಲಿಂದ ಅಂಟಿನಿಂದ ಕೂರಿಸುವ ಬೋಲ್ಟುಗಳ ದೀರ್ಘಕಾಲದ ಪರೀಕ್ಷೆ, ಕೂರಿಸುವವರ ತರಬೇತಿ ಬಿಗಿಯಾದವು.

ಈಗಿನ ರೂಢಿಯಲ್ಲಿ ಪ್ರತಿ ಚೌಕಟ್ಟಿನ ತೂಕವನ್ನು ಒಂದೇ ಮಟ್ಟದ ಬ್ರ್ಯಾಕೆಟ್ಟು ಹೊರುತ್ತದೆ. ಉಳಿದವು ಉದ್ದನೆಯ ತೂತುಗಳಲ್ಲಿ ಜಾರುತ್ತ ಗಾಳಿಯನ್ನು ಮಾತ್ರ ತಡೆಯುತ್ತವೆ. ಭೂಕಂಪದ ನಾಡಿನಲ್ಲಿ ಅಷ್ಟೂ ಸಾಲದು: ಅಥೆನ್ಸಿನ ಆಕ್ರೊಪೊಲಿಸ್ ಸಂಗ್ರಹಾಲಯವನ್ನು (2009) ಕಂಪನ ತಡೆಯುವ ಬೇರಿಂಗುಗಳ ಮೇಲೆ ಕೂರಿಸಲಾಗಿದೆ. ಒಳಗಿನ ತೇವಾಂಶವನ್ನು ಒಂದೇ ಹದದಲ್ಲಿ ಇಡಬೇಕಾದ ಸಂಗ್ರಹಾಲಯಗಳಲ್ಲಿ ಬ್ರ್ಯಾಕೆಟ್ಟಿಗೂ ಕಾಂಕ್ರೀಟಿಗೂ ನಡುವೆ ಶಾಖ ತಡೆಯುವ ಬಿಲ್ಲೆ ಇಡುತ್ತಾರೆ. ತಣ್ಣನೆಯ ಲೋಹದ ಮೇಲೆ ಕೂಡುವ ನೀರು ಚಿತ್ರಗಳಿಗೂ ಬೋಲ್ಟಿಗೂ ಒಂದೇ ಬಗೆಯ ಶತ್ರು. 2021ರಲ್ಲಿ ಡೇವಿಡ್ ಚಿಪ್ಪರ್‌ಫೀಲ್ಡ್ ಅವರ ತಂಡ ನವೀಕರಿಸಿ ಮತ್ತೆ ತೆರೆದ ಬರ್ಲಿನ್ನಿನ ಗ್ಯಾಲರಿಯಲ್ಲಿ ಗಾಜಿನ ಚೌಕಟ್ಟಿನ ಕೆಲವು ಕಂಬಗಳನ್ನು ಹಿಗ್ಗಿ ಕುಗ್ಗುವಂತೆ ಬದಲಿಸಿ, ಪದರಗಾಜು ಕೂರಿಸಲಾಯಿತು. ಕಟ್ಟಡದ ಹೊರನೋಟ ಮೀಸ್ ಬಿಟ್ಟುಹೋದಂತೆಯೇ ಉಳಿಯಿತು.